ಮೂವತ್ತೆಂಟು ಮಿಲಿಮೀಟರು

ಇಳಿತ ಇವತ್ತು ನಸುಕಿನ ನಾಲ್ಕೂ ಹತ್ತಕ್ಕೆ.
ನಿನ್ನೆ ಮೂರೂ ಇಪ್ಪತ್ತಕ್ಕಿತ್ತು.
ಫಂಡಿ ಕೊಲ್ಲಿಯ ಈ ದಡದಲ್ಲಿ ಗಡಿಯಾರ ಇರುವುದು
ತಪ್ಪು ಹೇಳಲಿಕ್ಕೆ, ಎನ್ನುತ್ತಾಳೆ ಜೆಲಿಕಾ ಕೊಮೊ.
ದೋಣಿಗಳು ಕೆಸರಿಗೆ ಹೊಟ್ಟೆಯೂರಿ ಮಲಗಿವೆ,
ರಾತ್ರಿ ತೇಲುತ್ತಿದ್ದ ಜಾಗದಲ್ಲೇ,
ಐದಾಳು ಕೆಳಗೆ.

ರಬ್ಬರ್ ಬೂಟು, ಗಿಡ್ಡ ಹಿಡಿಯ ಹಲ್ಲುಗುದ್ದಲಿ.
ಹಿಂದೆ ಹಿಂದೆ ಹೆಜ್ಜೆಯಿಡುತ್ತ ಕೆಸರು ಮಗುಚುತ್ತಾಳೆ.
ಸಿಕ್ಕ ಒಂದೊಂದು ಮರುವಾಯಿಯನ್ನೂ
ಹಿತ್ತಾಳೆಯ ಉಂಗುರಕ್ಕೆ ಹಿಡಿಯುತ್ತಾಳೆ:
ನಲವತ್ತನಾಲ್ಕು ಮಿಲಿಮೀಟರು.
ತೂರಿದರೆ ಅದಿನ್ನೂ ಮರಿ,
ವಾಪಸು ಕೆಸರಿಗೆ. ಕಾನೂನು.

ನಾನು ಅವಳ ಅಟ್ಟದ ಬಾಡಿಗೆಯವಳು.
ಕಲ್ಲಾದ ಹವಳದ ಗೆರೆ ಎಣಿಸುವುದು ನನ್ನ ಉದ್ಯೋಗ:
ದಿನಕ್ಕೊಂದು ಗೆರೆ, ಕೂದಲಿಗಿಂತ ತೆಳು,
ವರ್ಷಕ್ಕೊಂದು ಉಬ್ಬು.
ಮೂರು ಸಲ ಎಣಿಸಿದೆ. ಒಮ್ಮೆ ಮುನ್ನೂರ ತೊಂಬತ್ತೇಳು,
ಒಮ್ಮೆ ನಾನೂರ ಮೂರು,
ಒಮ್ಮೆ ಸೀನು ಬಂದು ಲೆಕ್ಕ ತಪ್ಪಿತು.
ನಾನೂರು ಅನ್ನೋಣ.
ಹತ್ತಿರ ಹತ್ತಿರ ನಲವತ್ತು ಕೋಟಿ ವರ್ಷ ಹಿಂದೆ
ವರ್ಷವೆಂದರೆ ಅಷ್ಟು ಹಗಲು, ಅಷ್ಟು ರಾತ್ರಿ.

"ಮೂವತ್ತೈದು ದಿನ ಯಾರು ತಿಂದರು?"
ಕೇಳಿದ್ದಳು ಮೊನ್ನೆ, ರಾಪಿಯೂರಿಗೆ ಆಲೂಗಡ್ಡೆ ತುರಿಯುತ್ತ.

ಯಾರೂ ತಿನ್ನಲಿಲ್ಲ. ದಿನವೇ ಉದ್ದವಾಯಿತು.
ತಿರುಗುವ ತಿಗರಿಯ ಮೇಲೆ ಒದ್ದೆ ಅಂಗೈ ಇಟ್ಟಂತೆ
ಭೂಮಿಯ ಮೇಲೆ ನೀರು ಕೈಯೂರಿದೆ, ಜೆಲಿಕಾ.
ನಿನ್ನ ಕೆಸರನ್ನು ಉಬ್ಬರ ಸವರಿಹೋದಷ್ಟು ಸಲ
ತಿಗರಿಯ ಓಟ ಒಂದೆಳೆ ಕಮ್ಮಿ.
ಇಲ್ಲಿ ಕಳೆದದ್ದು ಚಂದ್ರನ ಖಾತೆಗೆ ಜಮಾ.
ಆ ಗಂಟು ಹೊತ್ತೇ ಅವನು ದೂರ ಸರಿಯುವುದು,
ವರ್ಷಕ್ಕೆ ಮೂವತ್ತೆಂಟು ಮಿಲಿಮೀಟರು.

ಕೈಯೊರೆಸಿಕೊಂಡಳು. ಜೇಬಿನಿಂದ ಉಂಗುರ ತೆಗೆದು
ಅದರೊಳಗಿಂದ ಒಂದೇ ಕಣ್ಣಲ್ಲಿ ನನ್ನ ನೋಡಿದಳು:
"ತೂರುತ್ತದೆ.
ನಾನಾಗಿದ್ದರೆ ಬಿಟ್ಟುಬಿಡುತ್ತಿದ್ದೆ."

ಈಗ ಮೂಡಲಲ್ಲಿ, ಮೀನು ಕಾರ್ಖಾನೆಯ ತಗಡಿನ ಮೇಲೆ
ಬೆಳ್ಳಿ ಮೂಡಿದೆ.
ಒಂದು ಸುತ್ತು ಸುತ್ತಲು ನಮ್ಮ ಇನ್ನೂರ ನಲವತ್ತಮೂರು ದಿನ ಬೇಕು ಅದಕ್ಕೆ,
ಅದೂ ತಿರುವುಮುರುವು;
ಅಲ್ಲಿ ಸೂರ್ಯ ಹುಟ್ಟುವುದು ಪಡುವಣದಲ್ಲಿ.
ಅದಕ್ಕೂ ಒಬ್ಬ ಚಂದ್ರ ಇದ್ದಿರಬಹುದು, ಎನ್ನುವವರಿದ್ದಾರೆ.
ಅವನು ದೂರ ಹೋಗಲಿಲ್ಲವಂತೆ. ಸುತ್ತುತ್ತ ಸುತ್ತುತ್ತ
ಹತ್ತಿರ ಬಂದು, ಇನ್ನೂ ಹತ್ತಿರ ಬಂದು,
ಎದೆಯ ಮೇಲೇ ಬಿದ್ದನಂತೆ.
ಸಾಕ್ಷಿಯಿಲ್ಲ. ಮೇಲೆ ದಟ್ಟ ಮೋಡ.
ಅಲ್ಲ, ಅದೆಲ್ಲ ಆ ಭಾರದ ಗಾಳಿಯ ಕೆಲಸ
ಎನ್ನುವವರೂ ಇದ್ದಾರೆ.

ಜೆಲಿಕಾ ಹಿಂದೆ ಹಿಂದೆ ನಡೆಯುತ್ತಲೇ ಇದ್ದಳು.
ಅವಳ ಜಾರುಬಂಡಿಯಲ್ಲಿ ಎರಡು ಗುದ್ದಲಿ ಇವೆ.
ಇನ್ನೊಂದು ತಂಗಿ ಮಾತುರಿನ್‌ಳದು.
ಇಪ್ಪತ್ತೆರಡು ವರ್ಷ ಬೆನ್ನಿಗೆ ಬೆನ್ನು ಕೊಟ್ಟು ಅಗೆದವರು,
ಒಂದು ಲೈಸೆನ್ಸಿನ ಮೇಲೆ ಮಾತು ಮುರಿದುಕೊಂಡರು.
ಕೊಲ್ಲಿಯಾಚೆ ಈಗ ಒಂದು ದೀಪ ಹತ್ತಿದೆಯಲ್ಲ,
ಅವಳದ್ದೇ ಇರಬೇಕು. ಇಲ್ಲದೆಯೂ ಇರಬಹುದು.

"ಅವಳಿದ್ದಾಗ ಒಂದು ಇಳಿತಕ್ಕೆ ಆರು ಬುಟ್ಟಿ," ಎಂದಳು,
ಸೊಂಟ ನೇರ ಮಾಡದೆ.
"ಈಗ ನಾಲ್ಕು. ಊರವರು ವಯಸ್ಸು ಅನ್ನುತ್ತಾರೆ."

ನಾನು ಮೋಡ, ಗಾಳಿ ಎಂದು ಏನೋ ಹೇಳಹೊರಟು
ಸುಮ್ಮನಾದೆ.

ಮೊದಲು ಸದ್ದು ಬಂತು,
ಕಾಗದ ಮಡಿಸಿದಂಥ ಸದ್ದು, ಆಮೇಲೆ ನೀರು.
ಜಾರುಬಂಡಿಯ ಹಗ್ಗ ಹೆಗಲಿಗೆ ಹಾಕಿಕೊಂಡು
ಉಂಗುರ ದಾಟಿಬಂದ ಕೊನೆಯದನ್ನು ಅವಳು ಎಸೆದಳು.
ಅದು ಬಾಯಿ ಮುಚ್ಚಿ, ಒಂದು ಹನಿ ಉಗುಳು ಚಿಮ್ಮಿಸಿ
ಕಾಲಡಿಯ ಕತ್ತಲಿಗೆ ಇಳಿಯಿತು.

"ನಾಳೆ ಐದಕ್ಕೆ," ಎಂದಳು.
ಯಾರಿಗೆಂದು ತಿಳಿಯಲಿಲ್ಲ.